ಹನ್ನೊಂದನೆಯ ದಿನದ ಮೊಳಕೆ

“ಕಣ್ಣು ಎಲ್ಲಿಟ್ಟಿದ್ರಿ ಅತ್ತಿಗೆ? ಮೂಗಿನ ಮೇಲೆ ಆ ಕನ್ನಡಕ ಕೂರಿಸ್ಕೊಂಡಿರೋದು ಯಾತಕ್ಕೆ, ಅಂದಕ್ಕಾ?”

ಅಂದುಬಿಟ್ಟ. ಅಂದ ಮೇಲಾದರೂ ಬಾಯಿ ಮುಚ್ಚುವ ಅಭ್ಯಾಸ ಅವನಿಗೆ ಎಂದೂ ಇರಲಿಲ್ಲ. “ಹದಿನಾಲ್ಕು ದಿನ. ಒಂದು ಟ್ರೇ. ಅದರ ಮುಂದೆ ಕೂತು ನೋಡೋದಷ್ಟೇ ನಿಮ್ಮ ಕೆಲಸ. ಮಣ್ಣು ಹೊರಿ ಅಂದ್ನಾ? ರಾಶಿ ತಿರುವಿ ಅಂದ್ನಾ? ನೋಡಿ ಅಂದೆ. ಬರೀ ನೋಡಿ!” ಮೇಜಿನ ಮೇಲೆ ನರ್ಸರಿಯಮ್ಮ ತಂದು ಕುಕ್ಕಿದ ಕಪ್ಪು ಪ್ಲಾಸ್ಟಿಕ್ ಕುಂಡ ಇತ್ತು. ಅದರಲ್ಲಿ ನೇರಳೆ ಹೂವಿನ ಪೆಟೂನಿಯಾ ಸಸಿ, ಪಕ್ಕದಲ್ಲೇ ಅದಕ್ಕಿಂತ ಎರಡು ಬೆರಳು ಎತ್ತರಕ್ಕೆ, ಕ್ಯಾರೆಟ್ ಎಲೆಯಂಥ ಎಲೆ ಹರಡಿಕೊಂಡು ಪಾರ್ಥೇನಿಯಂ ಕಳೆ. ನೆಂಟನಾಗಿ ಬಂದು ಯಜಮಾನನ ಕುರ್ಚಿಯಲ್ಲಿ ಕೂತವನ ಹಾಗೆ ಅದು ಆರಾಮವಾಗಿ ನಿಂತಿತ್ತು. ಅದನ್ನು ನೋಡಬಾರದೆಂದು ಅವನು ಅತ್ತಿಗೆಯನ್ನು ನೋಡಿದ. ಅತ್ತಿಗೆಯನ್ನು ನೋಡಲಾಗದೆ ಮತ್ತೆ ಅದನ್ನೇ ನೋಡಿದ.

“ಬೈಯೋದು ಆಮೇಲೆ ಬೈಕೊಳ್ಳಿ,” ಎಂದಳು ನರ್ಸರಿಯಮ್ಮ. ಗಂಡಸಿನ ಹಾಗೆ ದೊಡ್ಡ ದನಿ, ಮೊಣಕೈವರೆಗೆ ಮಣ್ಣು. “ಇನ್ನೂರು ಕುಂಡ ತುಂಬಿಸಿದ್ದೆ. ನೂರಾ ಮೂವತ್ತರಲ್ಲಿ ಈ ಶನಿ ಎದ್ದಿದೆ. ಊರಿಗೆ ಊರೇ ಬಗ್ಗಿ ಇದನ್ನ ಕೀಳ್ತಿದೆ, ನಾನು ಚೆಂದದ ಕುಂಡಕ್ಕೆ ಹಾಕಿ, ನೀರು ಹನಿಸಿ, ಮನೆ ಮನೆ ಕಿಟಕಿಗೆ ಹಂಚ್ತಿದ್ದೀನಿ. ಮೈ ತುರಿಸೋ ಗಿಡ ಸ್ವಾಮಿ ಇದು! ಒಂದು ಮಗು ಮುಟ್ಟಿ ಮೈಯೆಲ್ಲ ದದ್ದು ಎದ್ರೆ ಯಾರ ಬಾಗಿಲಿಗೆ ಬರ್ತಾರೆ? ನಿಮ್ಮ ಬಾಗಿಲಿಗಾ?” ಅವಳು ಜೇಬಿನಿಂದ ಒಂದು ಚೀಟಿ ತೆಗೆದಳು. ಕುಂಡಕ್ಕೆ ತುಂಬುವ ಗೊಬ್ಬರದ ಮಿಶ್ರಣದ ಪ್ರತಿ ಚೀಲಕ್ಕೂ ಅವನ ಗೊಬ್ಬರದ ಯಾರ್ಡಿನಿಂದ ಕಟ್ಟಿ ಕಳಿಸುವ ಹಳದಿ ಚೀಟಿ ಅದು. ಟ್ರೇಯಲ್ಲಿ ಮೊಳಕೆ ಪರೀಕ್ಷೆ, ಹದಿನಾಲ್ಕು ದಿನ, ಕಂಡ ಕಳೆ ಶೂನ್ಯ, ಕೆಳಗೆ ಅತ್ತಿಗೆಯ ದುಂಡು ಅಕ್ಷರದ ಸಹಿ. “ನಿಮ್ಮ ಮುಖ ನೋಡಿ ನಾನು ಮಿಶ್ರಣ ತಗೊಂಡಿದ್ದಲ್ಲ. ಈ ಸಹಿ ನೋಡಿ ತಗೊಂಡಿದ್ದು. ಆರು ವರ್ಷದಲ್ಲಿ ಒಂದು ಕಳೆ ಬಂದಿರ್ಲಿಲ್ಲ. ಇನ್ಮೇಲೆ ಈ ಸಹಿ ಇರೋ ಚೀಲ ನನ್ನ ಗೇಟಿನ ಒಳಗೆ ಬರೋದು ಬೇಡ.”

ಅತ್ತಿಗೆ ಎದ್ದು ನಿಂತಿದ್ದಳು. ಸಿಟ್ಟಿನಿಂದಲ್ಲ, ಪಾಠ ಬಾರದ ಹುಡುಗಿ ಎದ್ದು ನಿಲ್ಲುವ ಹಾಗೆ. ಕನ್ನಡಕವನ್ನು ತೆಗೆದು, ಒರೆಸಿ, ಹಾಕಿಕೊಂಡು, ಕುಂಡದ ಹತ್ತಿರ ಬಗ್ಗಿ ನೋಡಿದಳು. “ಹೌದಮ್ಮ, ಅದೇ. ನಂದೇ ತಪ್ಪಿರ್ಬೇಕು,” ಎಂದಳು. “ನನ್ನ ಕಣ್ಣು ಈಗ ಮೊದಲಿನ ಹಾಗಿಲ್ಲ.”

ಅವಳು ತಿರುಗಿ ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಲ್ಕು ಮಾತು ಅವಳು, ಎಂಟು ಮಾತು ಅವನು, ಮಧ್ಯೆ ನರ್ಸರಿಯಮ್ಮ, ಎಲ್ಲರೂ ಕೂಗಿ, ಗದ್ದಲದ ಅಡಿಯಲ್ಲಿ ನಿಜ ಎನ್ನುವುದು ಎಲ್ಲೋ ಹೂತುಹೋಗುತ್ತಿತ್ತು. ಆದರೆ ಈ ಹೆಂಗಸು ಒಪ್ಪಿಕೊಂಡುಬಿಟ್ಟಳು. ಮಾಡದೇ ಇದ್ದದ್ದನ್ನು! ಅವನಿಗೆ ಅವಳ ಮೇಲೆ ಮೈಯುರಿಯುವಷ್ಟು ಸಿಟ್ಟು ಬಂತು. “ಹೊಸ ಮಿಶ್ರಣ ಕಳಿಸ್ತೀನಿ,” ಎಂದು ನರ್ಸರಿಯಮ್ಮನಿಗೆ ಗುರುಗುಟ್ಟಿ, ರಾಶಿಯ ಕಾವು ನೋಡುವ ಕಬ್ಬಿಣದ ಸರಳು ಎತ್ತಿಕೊಂಡು, ತಗಡಿನ ಕೋಣೆಯಿಂದ ಹೊರಗೆ ನಡೆದ. ಹಿಂದಿನಿಂದ ಅವಳ ವ್ಯಾನಿನ ಬಾಗಿಲು ಧಡಾರೆಂದು ಮುಚ್ಚಿದ ಶಬ್ದ ಕೇಳಿಸಿತು. ಕುಂಡವನ್ನು ಅವಳು ಬಿಟ್ಟೇ ಹೋಗಿದ್ದಳು.

ಯಾರ್ಡಿನ ಸಿಮೆಂಟು ನೆಲದ ಮೇಲೆ ರಾಶಿಗಳು ಉದ್ದುದ್ದ ಮಲಗಿದ್ದವು, ಒಂದೊಂದೂ ಆಳೆತ್ತರ. ಮೊದಲನೆಯದು ನಿನ್ನೆಯದು, ಇನ್ನೂ ಹಸಿರು. ಕೊನೆಯದು ಕಪ್ಪಗೆ, ಪುಡಿ ಪುಡಿ, ಮಳೆ ಬಿದ್ದ ನೆಲದ ವಾಸನೆ. ಪೇಟೆಯ ಖಾಲಿ ಸೈಟುಗಳಲ್ಲಿ, ರಸ್ತೆ ಬದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ ಕಿತ್ತ ಕಳೆಯೆಲ್ಲ ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಕುದುರೆ ಲದ್ದಿ, ಮರದ ಚೂರು ಬೆರೆಸಿ ರಾಶಿ ಹಾಕಿದರೆ ಮೂರನೆಯ ದಿನಕ್ಕೆ ತಾನೇ ಕಾಯುತ್ತದೆ, ಬೆಳಗಿನ ಚಳಿಯಲ್ಲಿ ಹಬೆ ಏಳುತ್ತದೆ. ಆಳುಗಳು ಅವನಿಗೂ ಹಬೆಯಣ್ಣ ಎಂದೇ ಹೆಸರಿಟ್ಟಿದ್ದರು, ಎದುರಿಗೆ ಅನ್ನುತ್ತಿರಲಿಲ್ಲ. ಆ ಕಾವಿಗೆ ಬೀಜ ಸಾಯುತ್ತದೆ. ಆದರೆ ಸಾಯುವುದು ನಡುವಿನದು ಮಾತ್ರ. ಹೊರಮೈಯ ಬೀಜಕ್ಕೆ ಏನೂ ಆಗುವುದಿಲ್ಲ, ಬಿಸಿಲಿಗೆ ಮೈ ಕಾಯಿಸಿಕೊಂಡು ಬಿದ್ದಿರುತ್ತದೆ. ಅದಕ್ಕೇ ತಿರುವಬೇಕು, ಹೊರಗಿನದು ಒಳಗೆ, ಒಳಗಿನದು ಹೊರಗೆ. ಐದು ಸಲ. ನಾಲ್ಕಲ್ಲ. ಇದನ್ನು ಅವನು ಎಷ್ಟು ಜನರಿಗೆ ಹೇಳಿಲ್ಲ! ಬಂದವರಿಗೆಲ್ಲ ಐದು ಬೆರಳು ಚಾಚಿ ತೋರಿಸಿ ಹೇಳಿದ್ದಾನೆ. ನರ್ಸರಿಗೆ ಹೋದ ಆ ರಾಶಿಯ ನಾಲ್ಕನೆಯ ಸರದಿಗೆ, ತಿರುವುವ ಗಾಡಿಯ ಲೋಡರಿನವನು ಒಂದು ಗಂಟೆ ತಡವಾಗಿ ಬಂದ. ಒಂದೇ ಒಂದು ಗಂಟೆ. “ನಿನ್ನ ಗಾಡಿಗಿಂತ ಬಸವನಹುಳ ಬೇಗ ಬರುತ್ತೆ ಕಣೋ, ಅದಕ್ಕೆ ಡೀಸೆಲ್ ಕೂಡ ಬೇಡ,” ಎಂದ ಇವನು. ಅವನು ಇಳಿಯಲೂ ಇಲ್ಲ, ಗಾಡಿ ತಿರುಗಿಸಿಕೊಂಡು ಹೋದ. ಮರುದಿನ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆ ಮಾಡಬೇಕು, ತಡವಾಗಿ ಬಂದವನು ಅವನು. ಹೀಗೆ ಎರಡು ವಾರ ಮೂಗಿನ ತುದಿಯ ಕೋಪವನ್ನು ಕಾಪಾಡಿಕೊಂಡು, ಸರಳನ್ನು ರಾಶಿಗೆ ಚುಚ್ಚಿ, ಎಳೆದು, ಮುಷ್ಟಿಯಲ್ಲಿ ಹಿಡಿದು, ಹಿಡಿಯಲಾರದೆ ಕೊಡವಿ, “ಬೆಂದಿದೆ” ಎಂದು ಘೋಷಿಸಿದ. ಚುಚ್ಚಿದ್ದು ನಡುವಿಗೆ. ನಡು ಯಾವತ್ತೂ ಬೆಂದೇ ಇರುತ್ತದೆ. ತನ್ನ ಹೆಸರು ಗೊತ್ತಿರುವಷ್ಟೇ ಚೆನ್ನಾಗಿ ಅದು ಅವನಿಗೆ ಗೊತ್ತಿತ್ತು, ಆದರೂ ಕೈ ನಡುವಿಗೇ ಹೋಗಿತ್ತು.

ಈಗಲೂ ಹಾಗೇ ಚುಚ್ಚಿದ. ಪಕ್ಕದಲ್ಲಿ ಜರಡಿ ಹಿಡಿಯುತ್ತಿದ್ದ ಇಬ್ಬರು ಆಳುಗಳು ಮಾತು ನಿಲ್ಲಿಸಿದರು. “ಏನ್ರೋ ನಾಟಕ ನೋಡ್ತಿದ್ದೀರಾ?” ಎಂದ. ಅವರು ತಲೆ ತಗ್ಗಿಸಿದರು, ಒಬ್ಬನ ಹೆಗಲು ನಗುವಿಗೆ ಅಲುಗುತ್ತಿತ್ತು. ಅವರಿಗೇನಾದರೂ ಗೊತ್ತೆ? ಇಲ್ಲ, ಯಾರಿಗೂ ಗೊತ್ತಿಲ್ಲ, ಆ ಹೊತ್ತಿಗೆ ಯಾರ್ಡಿನಲ್ಲಿ ಯಾರೂ ಇರಲಿಲ್ಲ. ಆ ರಾಶಿಯ ಮೊಳಕೆ ಪರೀಕ್ಷೆಯ ಹನ್ನೆರಡನೆಯ ದಿನದ ಬೆಳಗ್ಗೆ, ಆರೂವರೆ. ಬೀಗ ತೆಗೆದು, ಅಭ್ಯಾಸದಂತೆ ಟ್ರೇಯ ಮೇಲಿನ ಗಾಜು ಎತ್ತಿದಾಗ ಕಪ್ಪು ಮಿಶ್ರಣದ ಮೂಲೆಯಲ್ಲಿ ಒಂದು ಮೊಳಕೆ ಕಂಡಿತು. ಗುಂಡುಸೂಜಿಯ ತಲೆಯಷ್ಟು ಎರಡೆಲೆ. ಎಳೆಹಸಿರು. ಮುದ್ದಾಗಿಯೇ ಇತ್ತು ಎನ್ನಬೇಕು. ಟ್ರೇಯಲ್ಲಿ ಒಂದು ಕಳೆ ಕಂಡರೂ ಪೂರ್ತಿ ರಾಶಿ ಹಿಂದಕ್ಕೆ, ಮತ್ತೆ ಮೊದಲಿನಿಂದ ಕಾವು, ಮತ್ತೆ ಐದು ಸಲ ತಿರುವು, ಎರಡು ತಿಂಗಳು. ಅಷ್ಟರಲ್ಲಿ ಸಸಿ ಹಾಕುವ ಕಾಲ ಮುಗಿದೇ ಹೋಗುತ್ತದೆ. ಅದೂ ಅಲ್ಲ. ಲೋಡರಿನವನಿಗೆ ಫೋನ್ ಮಾಡಬೇಕಾಗುತ್ತದೆ. ಗಾಳಿಗೆ ಹಾರಿ ಬಂದು ಬಿದ್ದ ಬೀಜ, ಅಂದುಕೊಂಡ. ಗಾಜು ಮುಚ್ಚಿರುವ ಟ್ರೇಗೆ ಗಾಳಿ ಎಲ್ಲಿಂದ ಬರಬೇಕು ಎಂದು ಅವನನ್ನು ಯಾರೂ ಕೇಳಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದ. ಬೇರೂ ಬಂತು, ಒಂದು ಬಿಳಿ ನೂಲು. ಉಜ್ಜಿದಾಗ ಬೆರಳಿಗೆ ಹಸಿರು ಹತ್ತಿತು, ಅಷ್ಟೇ. ಹದಿಮೂರನೆಯ ದಿನ ಎರಡಿದ್ದವು. ಒಂದನ್ನು ಕೀಳುವಾಗ ಇದ್ದ ಎದೆಬಡಿತ ಎರಡನ್ನು ಕೀಳುವಾಗ ಇರಲಿಲ್ಲ. ಅದು ನೆನಪಾದರೆ ಇವತ್ತಿಗೂ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ.

ಕಿತ್ತದ್ದು ದೊಡ್ಡದಲ್ಲ. ಕಿತ್ತು ಸುಮ್ಮನಿದ್ದಿದ್ದರೆ ಕಳ್ಳ ಅನ್ನಬಹುದಿತ್ತು, ಎಷ್ಟು ಜನ ಕಳ್ಳರಿಲ್ಲ. ಆದರೆ ಅದೇ ಹನ್ನೆರಡನೆಯ ದಿನ ಎಂಟು ಗಂಟೆಗೆ ಅತ್ತಿಗೆ ಬಂದು, ಸೆರಗು ಸಿಕ್ಕಿಸಿ, ಗಾಜು ಎತ್ತಿ, ಬಹಳ ಹೊತ್ತು ನೋಡಿದಳು. ಆಮೇಲೆ ಅವನನ್ನು ಕರೆದಳು. “ನಿನ್ನೆ ಸಂಜೆ ಇಲ್ಲೊಂದು ಇತ್ತು ಕಣೋ. ಈ ಮೂಲೇಲಿ. ಎರಡೆಲೆ. ಬೆಳಕು ಕಮ್ಮಿಯಾಗಿತ್ತು, ಬೆಳಗ್ಗೆ ನಿನಗೆ ತೋರಿಸಿ ಬರಿಯೋಣ ಅಂತಿದ್ದೆ. ಈಗ ಇಲ್ಲ.” ಅವನ ಕೈಯಲ್ಲಿ ಚಹಾದ ಲೋಟ ಇತ್ತು. ಅವನು ಆಗ ಏನು ಬೇಕಾದರೂ ಹೇಳಬಹುದಿತ್ತು. ಇರುವೆ ತಿಂದಿರಬೇಕು ಅನ್ನಬಹುದಿತ್ತು. “ಇಲ್ದೇ ಇರೋದು ನಿಮಗೆ ಹೇಗೆ ಕಾಣುತ್ತೆ ಅತ್ತಿಗೆ? ವಯಸ್ಸಾಯ್ತು, ಕಣ್ಣು ತೋರಿಸ್ಕೊಳ್ಳಿ,” ಎಂದ. ತಮಾಷೆಯ ದನಿಯಲ್ಲೇ ಎಂದ. ಅವಳು ನಗಲಿಲ್ಲ. ಗಾಜನ್ನು ಮೆಲ್ಲಗೆ ಮುಚ್ಚಿ, ತನ್ನ ಎರಡೂ ಕಣ್ಣನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು. ಆ ಕಣ್ಣು! ಅವನಿಗೆ ಎಂಟು ವರ್ಷವಿದ್ದಾಗ ಅಣ್ಣನ ಕೈಹಿಡಿದು ಮನೆಗೆ ಬಂದವಳು. ಬಂದ ವಾರಕ್ಕೇ ಅವನನ್ನು ಬಿಸಿಲಿಗೆ ಎಳೆದು ಕೂರಿಸಿ, ತಲೆಯನ್ನು ಮೊಣಕಾಲಿನ ನಡುವೆ ಅದುಮಿ ಹೇನು ಹೆಕ್ಕಿದ್ದಳು. ಅಮ್ಮನಿಗೆ ಕಾಣದ ಸೀರು, ಅಕ್ಕನಿಗೆ ಕಾಣದ ಸೀರು, ಟಕ್ಕೆಂದು ಉಗುರಿನ ಮೇಲೆ. “ನಿನ್ನ ತಲೆಯಲ್ಲಿ ಪಾಠ ಬಿಟ್ಟು ಬೇರೆಲ್ಲಾ ಇದೆ ಮಾರಾಯ,” ಎಂದು ನಕ್ಕಿದ್ದಳು. ಅವನು ಒದ್ದಾಡಿದರೆ ಬೆನ್ನಿಗೊಂದು ಗುದ್ದು. ಅಣ್ಣ ಹೋದ ಮೇಲೆ ಅವಳು ಮನೆಯ ಮೂಲೆಯಲ್ಲಿ ಕೂತು ಸವೆಯುವುದನ್ನು ನೋಡಲಾಗದೆ ಯಾರ್ಡಿಗೆ ಕರೆತಂದವನು ಇವನೇ. ಟ್ರೇಯ ಮುಂದೆ ಕೂರಿಸಿದವನೂ ಇವನೇ, ಇಡೀ ಊರಿನಲ್ಲಿ ಇಂಥ ಕಣ್ಣು ಇನ್ನೊಂದಿಲ್ಲ ಎಂದು ಎಲ್ಲರೆದುರು ಹೆಮ್ಮೆಪಟ್ಟವನೂ ಇವನೇ. ಇವನೇ, ಇವನೇ. ಸಾಕಾಗಿ ಹೋಗಿದೆ.

ಆ ವಾರವೇ ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕೆಂದಳು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದ. ಕಾಯುವ ಕೋಣೆಯಲ್ಲಿ ಗೋಡೆಗೆ ಒಂದು ದೊಡ್ಡ ಕಣ್ಣಿನ ಚಿತ್ರ, ಸೀಳಿದ ಹಣ್ಣಿನ ಹಾಗೆ. ಅದು ಎಲ್ಲಿ ಕೂತರೂ ಅವನನ್ನೇ ನೋಡುತ್ತಿತ್ತು. ಕುರ್ಚಿ ಬದಲಾಯಿಸಿದ. ಒಳಗೆ ಅತ್ತಿಗೆ ಅಕ್ಷರದ ಹಲಗೆಯನ್ನು ಕೊನೆಯ ಸಾಲಿನ ತನಕ ಗಟಗಟ ಓದಿದಳು. “ವಯಸ್ಸಿಗೆ ಇದು ತುಂಬಾ ಒಳ್ಳೆ ಕಣ್ಣು. ಬೇಕಿದ್ರೆ ಹತ್ತಿರದ್ದಕ್ಕೊಂದು ಕನ್ನಡಕ ಕೊಡ್ತೀನಿ,” ಎಂದರು ಡಾಕ್ಟರು. “ಅದಲ್ಲ ಡಾಕ್ಟ್ರೇ,” ಎಂದಳು ಅತ್ತಿಗೆ, ಸ್ವಲ್ಪ ನಾಚಿಕೊಂಡು. “ಇಲ್ದೇ ಇರೋದು ಕಾಣೋದಕ್ಕೆ ಏನಾದ್ರೂ ಕಾಯಿಲೆ ಇದ್ಯಾ?” ಡಾಕ್ಟರು ನಕ್ಕರು. ಅವನೂ ನಕ್ಕ. ನಕ್ಕುಬಿಟ್ಟನಲ್ಲ! ಹೊರಗೆ ಬಂದಾಗ ಕಣ್ಣಿಗೆ ಹಾಕಿದ ಹನಿಯಿಂದ ಅವಳಿಗೆ ಎಲ್ಲ ಮಂಜು. ರಸ್ತೆ ದಾಟುವಾಗ ಅವನ ಕೈ ಹಿಡಿದುಕೊಂಡಳು, ಬಲಗೈಯನ್ನೇ, ಅದೇ ಎರಡು ಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ. ಎಡಗೈ ಕೊಡಲೇ ಎನ್ನಿಸಿತು. ಯಾವ ಕಾರಣ ಹೇಳಿ ಕೊಡುವುದು?

ಆಮೇಲೆ ಶುರುವಾಯಿತು. ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಳು. ಅಕ್ಕಿ ಆರಿಸಿದರೆ, “ಇನ್ನೊಂದು ಸಲ ನೀನು ನೋಡಿಬಿಡು ಮಾರಾಯ್ತಿ,” ಎಂದು ಮೊರವನ್ನು ಅವನ ಹೆಂಡತಿಯ ಕಡೆ ಸರಿಸತೊಡಗಿದಳು. ಒಂದು ದಿನ ಹಿತ್ತಲ ಗೋಡೆಯ ಕಡೆ ಬೆರಳು ತೋರಿಸಿ, “ಅಲ್ಲಿ ಬೆಕ್ಕಿದೆ ತಾನೆ?” ಎಂದು ಕೇಳಿದಳು. ಬೆಕ್ಕಿತ್ತು. ಗುಡಾಣದಂಥ ಬೆಕ್ಕು. “ಕಾಣಲ್ವಾ ನಿಮಗೆ?” ಎಂದು ರೇಗಿದ. “ಕಾಣುತ್ತೆ, ಇದೆಯಾ ಅಂತ ಕೇಳಿದ್ದು,” ಎಂದಳು. ಆ ರಾತ್ರಿ ಅನ್ನ ಸೇರಲಿಲ್ಲ. ಉಪ್ಪು ಜಾಸ್ತಿ ಎಂದು ಹೆಂಡತಿಗೆ ಬೈದು ಎದ್ದ.

ಸರಳು ಕೈ ಸುಟ್ಟಿತು. ಅದನ್ನು ಅಲ್ಲೇ ಎಸೆದು ತಗಡಿನ ಕೋಣೆಗೆ ಮರಳಿದ. ಹೇಳಬೇಕೆಂದೇನೂ ಮರಳಲಿಲ್ಲ. ಬಾಯಾರಿತ್ತು, ನೀರಿನ ಕೊಡ ಅಲ್ಲಿತ್ತು. ಅತ್ತಿಗೆ ಹೊಸ ರಾಶಿಯ ಟ್ರೇಯನ್ನು ಕಿಟಕಿಯ ಬೆಳಕಿಗೆ ಸರಿಸಿ, ಕನ್ನಡಕದ ಮೇಲೆ ಭೂತಗನ್ನಡಿಯನ್ನೂ ಹಿಡಿದು, ಅಂಗುಲ ಅಂಗುಲ ನೋಡುತ್ತಿದ್ದಳು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಮತ್ತೆ ಮೊದಲಿನಿಂದ. ಅವನು ನೀರು ಕುಡಿದು ಲೋಟ ಇಡುವಷ್ಟರಲ್ಲಿ ಮೂರನೆಯ ಸಲ ಶುರು ಮಾಡಿದ್ದಳು.

“ಬಂದ್ಯಾ? ಇದನ್ನ ನೀನೇ ಒಂದ್ಸಲ ನೋಡಿಬಿಡು,” ಎಂದು ಭೂತಗನ್ನಡಿಯನ್ನು ಅವನ ಕಡೆ ಚಾಚಿದಳು. “ನನಗೇನೂ ಕಾಣಿಸ್ತಿಲ್ಲ. ಅಂದ್ರೆ ಇಲ್ಲ ಅಂತ ಅಲ್ಲವಲ್ಲ. ಇನ್ಮೇಲೆ ಸಹಿ ನೀನೇ ಹಾಕು. ನಾನು ಬೇಕಾದ್ರೆ ಚೀಲ ಹೊಲೀತೀನಿ, ದಪ್ಪ ಸೂಜಿ, ಕಣ್ಣು ಅಷ್ಟು ಬೇಡ.”

“ನಿಮ್ಮ ಕಣ್ಣಿಗೇನಾಗಿದೆ?” ಎಂದ.

“ನೀನೇ ಅಂದ್ಯಲ್ಲೋ ಈಗಿನ್ನೂ.”

“ಅಂದೆ! ಅಂದ್ರೇನೀಗ? ನಾನು ಅಂದಿದ್ದನ್ನೆಲ್ಲ ನಂಬ್ಕೊಂಡು ಕೂರೋದಾ? ಬುದ್ಧಿ ಬೇಡ್ವಾ ಮನುಷ್ಯರಿಗೆ? ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ! ಅವತ್ತು ಇತ್ತು. ಎರಡೆಲೆ ಇತ್ತು. ಮೂಲೇಲೇ ಇತ್ತು. ನಾನೇ ಕಿತ್ತೆ.”

ಬೈಗುಳದ ದನಿಯಲ್ಲೇ ಹೇಳಿದ. ಅವನಿಗೆ ಬೇರೆ ದನಿ ಸಿಗಲಿಲ್ಲ. ಹೊರಗೆ ಜರಡಿಯ ಸದ್ದು ಒಂದೇ ಲಯದಲ್ಲಿ ನಡೆಯುತ್ತಿತ್ತು. ಅತ್ತಿಗೆ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು. ಅವಳು ಅಳುತ್ತಾಳೆ ಎಂದುಕೊಂಡ. ಹೊಡೆದರೂ ಹೊಡೆಯಬಹುದು, ಹೊಡೆಯಲಿ.

“ಎಷ್ಟು?” ಎಂದು ಕೇಳಿದಳು.

“ಏನೆಷ್ಟು?”

“ಎಷ್ಟು ಕಿತ್ತೆ?”

“ಮೂರು.”

“ನಾನು ನೋಡಿದ್ದು ಒಂದೇ.”

“ಇನ್ನೆರಡು ಮಾರನೇ ದಿನದ್ದು. ನೀವು ಬರೋಕೆ ಮುಂಚೆ.”

ಅವಳು ತಲೆಯಾಡಿಸಿದಳು, ಲೆಕ್ಕ ಸರಿಹೋದವರ ಹಾಗೆ. ಆಮೇಲೆ, “ಡಾಕ್ಟರ ಹತ್ರ ನೀನೇ ಕರ್ಕೊಂಡು ಹೋದ್ಯಲ್ಲೋ,” ಎಂದಳು. “ರಸ್ತೆ ದಾಟಿಸಿದೆ. ಕೈ ಹಿಡ್ಕೊಂಡು.”

“ಕೈ ಹಿಡ್ಕೊಂಡಿದ್ದು ನೀವು,” ಎಂದ. ಇಂಥ ಮಾತು ಮನುಷ್ಯನ ಬಾಯಿಂದ ಬರುತ್ತದೆಯೇ? ಅವನ ಬಾಯಿಂದ ಬಂತು.

ಅವಳು ಅವನನ್ನು ನೋಡಿದಳು. ಕನ್ನಡಕದ ಮೇಲಿಂದ, ಬರಿಗಣ್ಣಿನಿಂದ, ತಲೆಯಿಂದ ಪಾದದವರೆಗೆ, ಸಾವಕಾಶವಾಗಿ. ಮೂವತ್ತೇಳು ವರ್ಷದ ಹಿಂದೆ ಬಿಸಿಲಲ್ಲಿ ಕೂದಲು ಸೀಳಿ ನೋಡಿದ ಹಾಗೆ. ಆಗ ಅವಳ ಮುಖದಲ್ಲಿ ನಗು ಇರುತ್ತಿತ್ತು.

“ನನಗೆ ಹೇಳಿ ಏನು ಬಂತು? ನನಗೆ ಗೊತ್ತಿದ್ದಿದ್ದೇ, ಇತ್ತು ಅಂತ. ನೀನು ಇಲ್ಲ ಅನ್ನಿಸಿದ್ದೆ, ಈಗ ಮತ್ತೆ ಇತ್ತು ಅಂತಿದ್ದೀಯ. ಆ ನರ್ಸರಿಯಮ್ಮನಿಗೆ ಹೇಳು. ಫೋನ್ ಮಾಡು.”

“ಹೇಳ್ತೀನಿ. ನಾಳೆ ನಾನೇ ಹೋಗಿ...”

“ಈಗ ಮಾಡು. ನಾನು ಇಲ್ಲೇ ನಿಂತಿರ್ತೀನಿ.”

“ಅತ್ತಿಗೆ, ಈಗ್ತಾನೇ ಸಿಟ್ಟಲ್ಲಿ ಹೋಗಿದ್ದಾಳೆ...”

“ಅವಳ ಸಿಟ್ಟು ಇರೋದು ನನ್ನ ಮೇಲೆ. ನಿನಗೇನು?”

ಫೋನ್ ತೆಗೆದ. ಎರಡು ಸಲ ಬೇರೆ ಯಾರದೋ ನಂಬರಿಗೆ ಹೋಗಿ ಕತ್ತರಿಸಿದ. ಮೂರು ಮಾತು. ತಪ್ಪು ಅವರದ್ದಲ್ಲ, ನನ್ನದು, ನಾನೇ ಕಿತ್ತೆ. ಮನಸ್ಸಿನಲ್ಲಿ ಜೋಡಿಸಿಕೊಂಡ. ಆಮೇಲೆ ಏನಾಗುತ್ತದೆ ಎಂಬುದೂ ಜತೆಗೇ ಜೋಡಿಸಿಕೊಂಡು ನಿಂತಿತು: ಪೇಟೆಯ ಎಲ್ಲ ನರ್ಸರಿಗಳಿಗೂ ಸಂಜೆಯೊಳಗೆ ಗೊತ್ತು, ಹಬೆಯಣ್ಣ ಟ್ರೇಗೆ ಕೈ ಹಾಕುವವನು. ಕಣ್ಣು ಮಂಜಾದ ಮುದುಕಿಯಿಂದ ಕಳೆ ಬಂದರೆ ಮುದುಕಿಯನ್ನು ಬದಲಾಯಿಸಿದರಾಯಿತು. ಟ್ರೇಗೆ ಕೈ ಹಾಕುವವನನ್ನು ಯಾರು ಏನು ಮಾಡಲಾದೀತು?

ನರ್ಸರಿಯಮ್ಮ ಫೋನ್ ಎತ್ತಿದಳು. ಅವಳ ದನಿಗೆ ಫೋನಿನ ಅಗತ್ಯವೂ ಇರಲಿಲ್ಲ, ಕೋಣೆಗೆಲ್ಲ ಕೇಳಿಸುತ್ತಿತ್ತು. “ಹೂಂ, ಹೇಳಿ.”

“ಅದೇ... ಆಗಿನ ವಿಷಯ,” ಎಂದ.

“ಗೊತ್ತು ಬಿಡಿ. ನಾನೂ ಸ್ವಲ್ಪ ಜಾಸ್ತಿ ಕೂಗಾಡಿದೆ. ವ್ಯಾನಲ್ಲಿ ಬರ್ತಾ ಯೋಚಿಸ್ದೆ. ಪಾಪ, ಆಕೆಗೆ ವಯಸ್ಸಾಯ್ತು, ಕಣ್ಣು ಕಾಣಲ್ಲ, ಆಕೆ ತಾನೇ ಏನು ಮಾಡ್ತಾರೆ? ನೀವೂ ಅಷ್ಟೊಂದು ಬೈಬಾರದಿತ್ತು. ಬೇರೆ ಯಾರನ್ನಾದ್ರೂ ಟ್ರೇಗೆ ಕೂರಿಸಿ, ನಾನು ನಿಮ್ಮ ಹತ್ರಾನೇ ತಗೋತೀನಿ. ನಿಮ್ಮ ಮೇಲೆ ನನಗೇನೂ ಇಲ್ಲ. ಏನಂತೀರಿ?”

ಬಾಗಿಲು ತಾನಾಗಿ ತೆರೆದುಕೊಂಡ ಹಾಗಾಯಿತು. ಅವನು ಅದಕ್ಕೆ ಏನೂ ಮಾಡಬೇಕಾಗಿರಲಿಲ್ಲ. ಸುಳ್ಳು ಕೂಡ ಹೇಳಬೇಕಾಗಿರಲಿಲ್ಲ.

“ಹೂಂ,” ಎಂದ.

“ಆಯ್ತು ಹಾಗಾದ್ರೆ.”

“ಆಯ್ತು.”

ಫೋನನ್ನು ಕಿವಿಯಿಂದ ಇಳಿಸಲು ಅವನು ತಡಮಾಡಿದ. ಆ ಕಡೆ ಯಾರೂ ಇಲ್ಲದಿದ್ದರೂ ಹಿಡಿದೇ ನಿಂತ. ಇಳಿಸಿದರೆ ಅತ್ತಿಗೆಯ ಮುಖ ನೋಡಬೇಕು. ಇಳಿಸಿದಾಗ ಅವಳು ಕೊಡದ ಹತ್ತಿರ ಕೈ ತೊಳೆಯುತ್ತಿದ್ದಳು, ಉಗುರಿನ ಸಂದಿಯ ಕಪ್ಪು ಹೋಗುವ ತನಕ, ಒಂದೊಂದೇ ಬೆರಳು. “ಮಾತಿನ ಮಧ್ಯ ಹೇಗೆ ಹೇಳೋದು ಅತ್ತಿಗೆ, ಅವಳು ಬಾಯಿ ಬಿಡೋಕೇ ಬಿಡ್ಲಿಲ್ಲ, ನೀವೇ ಕೇಳಿಸ್ಕೊಂಡ್ರಲ್ಲ,” ಎಂದು ಅವನು ಶುರು ಮಾಡಿದ. “ಸಂಜೆ ಹೋಗಿ ಹೇಳ್ತೀನಿ. ಆಣೆ ಮಾಡ್ಲಾ? ಏನ್ರೀ ಇದು, ಒಂದು ಮಾತಾದ್ರೂ ಆಡಿ! ಬೈಯಿರಿ!” ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಅವನ ಪಕ್ಕದಲ್ಲೇ ಹಾದು, ಬಾಗಿಲು ದಾಟಿ, ಯಾರ್ಡಿಗೆ ಇಳಿದಳು. ರಾಶಿಗಳ ನಡುವಿನ ದಾರಿಯಲ್ಲಿ ನಡೆದಳು. ಜೋರಾಗೇನೂ ನಡೆಯಲಿಲ್ಲ.

ಗೇಟಿನಲ್ಲಿ ಕಳೆಯ ಲಾರಿ ಒಳಬರುತ್ತಿತ್ತು. ಅವಳು ಬದಿಗೆ ಸರಿದು ಅದಕ್ಕೆ ದಾರಿ ಕೊಟ್ಟಳು. ಡ್ರೈವರು ಹಾರ್ನ್ ಹೊಡೆದು ಕೈ ಎತ್ತಿದ, ಅವಳೂ ಎತ್ತಿದಳು. ಲಾರಿಯ ಹಿಂದೆ ಹೇರಿದ ಕಳೆಯ ತುಂಬ ಬಿಳಿ ಹೂ. ಹೂ ಬಿಡುವ ಮುಂಚೆ ಕಿತ್ತು ತನ್ನಿ ಎಂದು ಇವರಿಗೆ ಎಷ್ಟು ಸಲ ಬಡಕೊಳ್ಳಬೇಕು! ಅವನು ಓಡಿದ. ಅತ್ತಿಗೆಯ ಹಿಂದೆ ಓಡುತ್ತಿದ್ದೇನೆ ಎಂದೇ ಅವನಿಗೆ ಅನ್ನಿಸಿತ್ತು, ಆದರೆ ಕಾಲು ಲಾರಿಯ ಹತ್ತಿರ ನಿಂತಿತು, ಬಾಯಿ ಡ್ರೈವರನ್ನು ಹಿಡಿದುಕೊಂಡಿತು. “ಕಣ್ಣಿಲ್ವಾ ನಿಮಗೆ? ಬೀಜ ಕಟ್ಟಿರೋದನ್ನ ತಂದು ನನ್ನ ತಲೆ ಮೇಲೆ ಸುರೀತೀರಾ?” ಡ್ರೈವರು ಇಂಜಿನ್ ಆರಿಸದೆ, “ಕೀಳೋರು ಕಿತ್ರು, ನಾನು ತಂದೆ, ನನ್ನನ್ಯಾಕೆ ಬೈತೀರಿ?” ಎಂದ. ಹತ್ತು ನಿಮಿಷ ಜಗಳವಾಡಿದರು. ಲಾರಿ ಸರಿದಾಗ ಗೇಟಿನಾಚೆ ರಸ್ತೆ ಖಾಲಿಯಿತ್ತು, ಬಸ್ ನಿಲ್ಲುವ ಜಾಗದಲ್ಲೂ ಯಾರೂ ಇರಲಿಲ್ಲ.

ಮನೆಗೆ ಹೋಗಿರುತ್ತಾಳೆ ಅಂದುಕೊಂಡ. ಐದೂವರೆಯವರೆಗೆ ಆಳುಗಳ ಜತೆ ಹೂವಿನ ಲೋಡನ್ನು ಬೇರೆ ರಾಶಿ ಹಾಕಿಸಿದ. ನರ್ಸರಿಯ ದಾರಿ ಎಡಕ್ಕೆ, ಮನೆಯ ದಾರಿ ಬಲಕ್ಕೆ. ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ಹಿಂದಿನವರ ಹಾರ್ನ್ ಕೇಳಿದ ಮೇಲೆ ಬಲಕ್ಕೆ ತಿರುಗಿಸಿದ. ಮೊದಲು ಅತ್ತಿಗೆಯ ಹತ್ತಿರ ಮಾತಾಡಿ, ಸಮಾಧಾನ ಮಾಡಿ, ಆಮೇಲೆ ಅವಳನ್ನೇ ಕೂರಿಸಿಕೊಂಡು ನರ್ಸರಿಗೆ ಹೋಗುವುದು ಸರಿ, ಅವಳೆದುರೇ ಹೇಳಿದ ಹಾಗಾಗುತ್ತದೆ. ಇಷ್ಟು ಒಳ್ಳೆಯ ಯೋಚನೆ ಬೆಳಗ್ಗೆಯೇ ಯಾಕೆ ಬರಲಿಲ್ಲ ಎಂದು ಅವನಿಗೆ ತನ್ನ ಮೇಲೆ ಸಿಟ್ಟೂ ಬಂತು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವನ ಹಿಂದಿನ ಖಾಲಿ ಸೀಟನ್ನು ನೋಡಿದಳು, ಬೀದಿಯನ್ನು ನೋಡಿದಳು.

“ಅಕ್ಕ ಎಲ್ಲಿ? ನಿಮ್ಮ ಜೊತೆ ಬರ್ಲಿಲ್ವಾ?”

“ಬರ್ತಾರೆ ಬಿಡು, ಎಲ್ಲಿ ಹೋಗ್ತಾರೆ?” ಎಂದು ರೇಗಿ ಚಪ್ಪಲಿ ಬಿಚ್ಚಿದ.

ಬರಲಿಲ್ಲ.